ಘಾಟಿ ಬಿಟ್ಟು ಬಯಲಿಗೆ ಬಂದ ಗಡಿ

ಎಲೆಕ್ಟ್ರಾನಿಕ್ ಸಿಟಿ ದಾಟಿ, ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ ಕಳೆದು ಅತ್ತಿಬೆಲೆಗೆ ಬಂದರೆ ಕರ್ನಾಟಕ ಮುಗಿಯುತ್ತದೆ. ಮುಗಿಯುವುದಕ್ಕೆ ನೆಲದಲ್ಲಿ ಯಾವ ಕಾರಣವೂ ಕಾಣುವುದಿಲ್ಲ. ಅಲ್ಲಿ ದಾಟಬೇಕಾದ ಹೊಳೆಯಿಲ್ಲ, ಹತ್ತಬೇಕಾದ ಬೆಟ್ಟವಿಲ್ಲ, ಕಾಡೂ ಇಲ್ಲ. ಈ ಕಡೆಯ ರಾಗಿ ಹೊಲದ ಕೆಂಪು ಮಣ್ಣೇ ಆ ಕಡೆಗೂ ಹಬ್ಬಿದೆ. ಸ್ವಾಗತ ಕಮಾನು, ಸಾರಿಗೆ ಇಲಾಖೆಯ ತನಿಖಾ ಠಾಣೆ, ಸಾಲುಗಟ್ಟಿದ ಲಾರಿಗಳು. ಅದಾದ ಮೇಲೆ ಜೂಜುವಾಡಿ, ತಮಿಳು ಅಕ್ಷರದ ಫಲಕಗಳು. ಮೈಸೂರು ಪ್ರಸ್ಥಭೂಮಿ ನಿಜವಾಗಿ ಮುಗಿದು ನೆಲ ಕೆಳಗಿಳಿಯುವುದು ಇಲ್ಲಿಂದ ಇನ್ನೂ ಮೂವತ್ತೈದು ನಲವತ್ತು ಕಿಲೋಮೀಟರ್ ಆಚೆ, ಹೊಸೂರು ಶೂಳಗಿರಿಗಳನ್ನು ದಾಟಿ ಕೃಷ್ಣಗಿರಿಯ ಕಡೆ ಇಳಿಯುವಾಗ. ಗಡಿ ಅಲ್ಲಿರಬೇಕಿತ್ತು. ಏಳು ವರ್ಷ ಅಲ್ಲೇ ಇತ್ತು ಕೂಡ. ಆಮೇಲೆ ಘಾಟಿ ಹತ್ತಿ ಬಯಲಿಗೆ ಬಂತು.

ಬರ್ಲಿನ್ ಗೋಡೆಯ ಉಳಿದ ತುಂಡನ್ನು, ಎರಡು ಕೊರಿಯಾಗಳ ನಡುವಿನ ನಿಷೇಧಿತ ಪಟ್ಟಿಯನ್ನು ನೋಡಲು ಜನ ದುಡ್ಡು ಕೊಟ್ಟು ಹೋಗುತ್ತಾರೆ. ಮುಳ್ಳುತಂತಿ ತೋರಿಸಲು, ಕಾವಲು ಗೋಪುರದ ಕಥೆ ಹೇಳಲು ಅಲ್ಲಿ ಮಾರ್ಗದರ್ಶಿಗಳಿದ್ದಾರೆ. ಅತ್ತಿಬೆಲೆಯಲ್ಲಿ ಹಾಗೆ ತೋರಿಸುವವರಿಲ್ಲ, ಟಿಕೆಟ್ ಇಟ್ಟು ತೋರಿಸುವಂಥ ಗೋಡೆಯೂ ಇಲ್ಲ. ಆದರೆ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಈ ಗೆರೆಯ ಮೇಲೆ ಫಿರಂಗಿಗಳು ಉರುಳಿವೆ, ಪ್ಲೇಗಿನ ಚೀಟಿ ಬರೆಯುವವರು ಕೂತಿದ್ದಾರೆ, ಸುಂಕದವರು ನಿಂತಿದ್ದಾರೆ, ಮೀಸಲು ಪೊಲೀಸ್ ಪಡೆಯ ಸಾಲುಗಳು ಎದುರುಬದುರಾಗಿವೆ. ದಿನವೂ ಇದನ್ನು ದಾಟುವ ನಮಗೆ ಇದರ ಕಥೆ ಗೊತ್ತಿರಬೇಕು ಎನ್ನುವುದು ನನ್ನ ಹಟ. ಹಾಗಾಗಿ ಹೊಸೂರು ರಸ್ತೆ ಹಿಡಿದು ಒಂದು ಸುತ್ತು ಹೋಗೋಣ. ಆದರೆ ಮೊದಲು ರಸ್ತೆ ಬಿಟ್ಟು ಬಲಕ್ಕೆ, ಬೇಗೂರಿಗೆ.

ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಬೆಂಗಳೂರಿನ ಹೆಸರಿರುವ ಹಳೆಯ ಶಾಸನವಿದೆ. ಕ್ರಿ.ಶ. 890ರ ಆಸುಪಾಸಿನದು. ಬೆಂಗಳೂರಿನ ಕಾಳಗದಲ್ಲಿ ಮಡಿದ ಬುಟ್ಟಣಶೆಟ್ಟಿಯ ನೆನಪಿಗೆ ಬರೆಸಿದ್ದು. ನಮ್ಮ ಊರಿನ ಹೆಸರು ಮೊದಲು ಕಾಣಿಸಿಕೊಳ್ಳುವುದೇ ಒಂದು ಗಡಿಜಗಳದ ಜೊತೆಯಲ್ಲಿ. ಆಗ ಇದು ಗಂಗರ ನಾಡು, ಪೂರ್ವಕ್ಕೆ ನೊಳಂಬರು. ಇದೇ ಬೇಗೂರಿನ ಇನ್ನೊಂದು ವೀರಗಲ್ಲು ಈಗ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಗಂಗರ ಎರೆಯಪ್ಪನ ಪರವಾಗಿ ನಾಗತ್ತರ ಎಂಬವನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಪಡೆಯ ಮೇಲೆ ಬಿದ್ದು ಸತ್ತನೆಂದು, ಅವನ ಸ್ಥಾನಕ್ಕೆ ಬಂದ ಇರುಗನಿಗೆ ಬೆಂಪೂರು ಹನ್ನೆರಡನ್ನು, ಅಂದರೆ ಬೇಗೂರಿನ ಹನ್ನೆರಡು ಹಳ್ಳಿಗಳನ್ನು, ಕಲ್ನಾಡಾಗಿ (ಉಂಬಳಿಯಾಗಿ) ಕೊಟ್ಟರೆಂದು ಅದು ಹೇಳುತ್ತದೆ. ಆನೆ, ಕುದುರೆ, ಬಿದ್ದ ಆಳುಗಳು, ಎಲ್ಲವನ್ನೂ ಒಂದೇ ಕಲ್ಲಿನಲ್ಲಿ ತುಂಬಿದ ಆ ಶಿಲ್ಪದ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು.

ಆ ಕಾಲದ ಗಡಿಯನ್ನು ಗೆರೆ ಎನ್ನಲಾಗದು. ದನ ಹಿಡಿಯಲು ಬಂದವರನ್ನು ತಡೆದು ಸತ್ತವನ ಕಲ್ಲು ಎಲ್ಲೆಲ್ಲಿ ನಿಂತಿದೆಯೋ ಅಲ್ಲೆಲ್ಲ ಗಡಿ. ಚೋಳರು ಬಂದಾಗ ವೈಟ್‌ಫೀಲ್ಡ್, ದೊಮ್ಮಲೂರು ಕಡೆ ತಮಿಳು ಶಾಸನಗಳು ನಿಂತವು. ಹೊಸೂರು ಸೀಮೆಯಲ್ಲಿ ಕನ್ನಡದ ಶಾಸನಗಳಿವೆ. ಯಾವ ಭಾಷೆಯ ಕಲ್ಲು ಎಲ್ಲಿದೆ ಎಂದು ಹುಡುಕಿ ಈ ಪ್ರದೇಶವನ್ನು ಎರಡು ಹೋಳು ಮಾಡಲು ಹೊರಟವರು ಯಾರೂ ಗೆಲ್ಲುವುದಿಲ್ಲ.

ಈಗ ಹೆದ್ದಾರಿಗೆ ಮರಳಿ, ಕಾಲದಲ್ಲಿ ಒಂದೇ ನೆಗೆತಕ್ಕೆ ಹದಿನೆಂಟನೆಯ ಶತಮಾನಕ್ಕೆ. ಅತ್ತಿಬೆಲೆಯ ಗೆರೆ ಹುಟ್ಟಿದ್ದು ಮದ್ರಾಸಿನ ಒಂದು ಭಯದಿಂದ. ಆ ಭಯಕ್ಕೆ ಕಾರಣವಿತ್ತು. ಮೈಸೂರಿನ ಕುದುರೆ ದಂಡು ಘಾಟಿ ಇಳಿದರೆ ಸಮುದ್ರದವರೆಗೆ ತಡೆಯುವ ಎತ್ತರದ ನೆಲ ಎಲ್ಲೂ ಇಲ್ಲ. 1767ರಲ್ಲಿ ಹೈದರಾಲಿ ಇಳಿದ. ಹದಿಹರೆಯದ ಟಿಪ್ಪು ಸವಾರರನ್ನು ಕರೆದುಕೊಂಡು ಮದ್ರಾಸಿನ ಅಂಚಿನಲ್ಲಿದ್ದ ಇಂಗ್ಲಿಷರ ತೋಟದ ಮನೆಗಳವರೆಗೆ ಹೋಗಿಬಂದ. ಈಸ್ಟ್ ಇಂಡಿಯಾ ಕಂಪನಿಯ ಪಡೆ ತಾನೂ ಮೇಲೆ ಹತ್ತಿ ನೋಡಿತು. 1768ರ ನವೆಂಬರಿನಲ್ಲಿ ಹೈದರ್ ಹೊಸೂರಿಗೆ ಮುತ್ತಿಗೆ ಹಾಕಿದಾಗ, ಬಿಡಿಸಲು ಬಂದ ಕರ್ನಲ್ ವುಡ್ ತನ್ನ ಭಾರದ ತೋಪುಗಳನ್ನೂ ಸಾಮಾನನ್ನೂ ಬಾಗಲೂರಿನಲ್ಲಿ ಬಿಟ್ಟು ಹೊರಟ. ಹೈದರ್ ಹೊಸೂರನ್ನು ಬಿಟ್ಟು ಬಾಗಲೂರಿಗೆ ಹಾರಿ ಎಲ್ಲವನ್ನೂ ದೋಚಿದ. ಇವತ್ತು ಸರ್ಜಾಪುರದ ಕಡೆಯಿಂದ ಹೊಸೂರಿಗೆ ಹೋಗುವವರು ಹಾಯುವ ಅದೇ ಬಾಗಲೂರು. ಮುಂದಿನ ವರ್ಷ ಹೈದರ್ ಮದ್ರಾಸಿನ ಬಾಗಿಲಲ್ಲೇ ಕುಳಿತು ಸಂಧಿ ಬರೆಸಿಕೊಂಡ. 1780ರ ಜುಲೈಯಲ್ಲಿ ಮತ್ತೆ ಇಳಿದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನಾಶವಾಯಿತು. ಒಂದು ತಲೆಮಾರಿನ ಮದ್ರಾಸಿನ ಅಧಿಕಾರಿಗಳಿಗೆ ಘಾಟಿ ಎಂದರೆ ಯಾವಾಗ ಬೇಕಾದರೂ ತೆರೆದುಕೊಳ್ಳುವ ಬಾಗಿಲು. ಅದರ ಅಗುಳಿ ಇದ್ದದ್ದು ಮೇಲಿನವರ ಕೈಯಲ್ಲಿ.

1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಆ ಅಗುಳಿಗೆ ಕೈಹಾಕಿದ. ಆಂಬೂರಿನ ದಾರಿಯಲ್ಲಿ ಬರುವಂತೆ ನಟಿಸಿ, ಉತ್ತರದ ಮುಗಳಿ ಕಣಿವೆಯಿಂದ ಹತ್ತಿ, ಕೋಲಾರ, ಹೊಸಕೋಟೆ ಹಿಡಿದು ಬೆಂಗಳೂರಿಗೆ ಬಂದ. ಅಂದರೆ ಈಗಿನ ವೈಟ್‌ಫೀಲ್ಡ್‌ನ ಪಕ್ಕದಲ್ಲೇ ಹಾದುಬಂದ. ಮಾರ್ಚ್ 7ರಂದು ಪೇಟೆ, 21ರ ರಾತ್ರಿ ಕೋಟೆ ಬಿದ್ದವು. ಕಿಲ್ಲೇದಾರ ಬಹಾದುರ್ ಖಾನ್ ಒಡೆದ ಗೋಡೆಯ ಹತ್ತಿರವೇ ಸತ್ತ. ಬೆಂಗಳೂರು ಕೈಗೆ ಬಂದರೂ ಮದ್ರಾಸಿನಿಂದ ಅಕ್ಕಿ, ಮದ್ದು, ಗುಂಡು ಬರುವ ದಾರಿ ಇನ್ನೂ ಮೈಸೂರಿನ ಗಿರಿದುರ್ಗಗಳ ಕೆಳಗೇ ಹಾದುಬರಬೇಕಿತ್ತು. ಜುಲೈಯಲ್ಲಿ ಮೇಜರ್ ಗೌಡಿಯ ತುಕಡಿ ಹೊಸೂರು ರಸ್ತೆಯಲ್ಲಿ ಹೊರಟಿತು. ಹೊಸೂರಿನ ಕಾವಲಿನವರು ಕೋಟೆಯನ್ನು ಸ್ಫೋಟಿಸಲು ನೋಡಿ ಬಿಟ್ಟುಹೋದರು. ರಾಯಕೋಟೆಯ ಕೆಳಕೋಟೆಯನ್ನು ನುಗ್ಗಿ ಹಿಡಿದ ಮೇಲೆ ಮೇಲಿನ ದುರ್ಗವೂ ಶರಣಾಯಿತು. ಕೃಷ್ಣಗಿರಿ ಮಾತ್ರ ಬಗ್ಗಲಿಲ್ಲ. ನವೆಂಬರಿನಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್ ಪಡೆ ಏಣಿ ಹಾಕಿ ಹತ್ತಲು ಹೋಗಿ, ಮೇಲಿಂದ ಉರುಳಿಸಿದ ಬಂಡೆಗಳ ಏಟು ತಿಂದು ಹಿಂತಿರುಗಿತು.

1792ರ ಮಾರ್ಚ್ 18ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಹಣ ತೀರುವವರೆಗೆ ಇಬ್ಬರು ಎಳೆಯ ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಒತ್ತೆಯಾಳುಗಳು. ಬಾರಾಮಹಲ್, ಅಂದರೆ ಕೃಷ್ಣಗಿರಿ, ಧರ್ಮಪುರಿಯ ಸೀಮೆ, ಕಂಪನಿಗೆ ಹೋಯಿತು. ಹೊಸೂರು ಟಿಪ್ಪುವಿಗೆ ಮರಳಿತು. ರಾಯಕೋಟೆಯಲ್ಲಿ ಕಂಪನಿಯ ಸಿಪಾಯಿಗಳು ಕೂತರು. ನಾನು ಆಗಲೇ ಹೇಳಿದ ಏಳು ವರ್ಷದ ಗಡಿ ಇದೇ. ಘಾಟಿಯ ಅಂಚಿಗೆ ಹೊಂದಿಕೊಂಡು ನೆಲದ ಮಾತು ಕೇಳಿ ನಡೆದ ಗಡಿ, ಮತ್ತು ಈ ಭಾಗ ಕಂಡ ಅತ್ಯಂತ ಬಿಗಿಯಾದ ಕಾವಲಿನ ಗಡಿ.

ಅದನ್ನು ಕಾದವರು ಬರೀ ಬಂದೂಕಿನವರಲ್ಲ. ಬಾರಾಮಹಲಿನ ಮೇಲ್ವಿಚಾರಣೆಗೆ ಬಂದ ಅಲೆಕ್ಸಾಂಡರ್ ರೀಡ್, ಯುದ್ಧದ ಹೊತ್ತಿನಲ್ಲಿ ಕಂಪನಿಯ ಬೇಹುಗಾರಿಕೆ ನಡೆಸಿದ್ದ ಮನುಷ್ಯ. ಅವನ ಕೆಳಗೆ ಮೂವರು ಸಹಾಯಕರು; ಅವರಲ್ಲಿ ಒಬ್ಬ ಥಾಮಸ್ ಮನ್ರೋ. ಧರ್ಮಪುರಿಯಲ್ಲಿ ಮನೆ ಮಾಡಿಕೊಂಡು, ಹಳ್ಳಿಯಿಂದ ಹಳ್ಳಿಗೆ ಹೋಗಿ ಹೊಲ ಅಳೆಸಿ, ಒಬ್ಬೊಬ್ಬ ರೈತನ ಹೆಸರಿಗೂ ಕಂದಾಯ ಬರೆಸಿದ. ಮುಂದೆ ದಕ್ಷಿಣ ಭಾರತದ ದೊಡ್ಡ ಭಾಗಕ್ಕೆ ಹರಡಿದ ರಯತವಾರಿ ಪದ್ಧತಿ ಹದಕ್ಕೆ ಬಂದದ್ದು ಈ ಗಡಿಸೀಮೆಯಲ್ಲಿ. ಇವರೆಲ್ಲ ಸೈನಿಕ ಅಧಿಕಾರಿಗಳು ಎಂಬುದನ್ನು ಮರೆಯಬಾರದು. ಹಗಲು ಜಮಾಬಂದಿ, ಜೊತೆಗೇ ಮೇಲಿನ ಸೀಮೆಯಲ್ಲಿ ಏನು ನಡೆಯುತ್ತಿದೆ ಎಂಬ ಸುದ್ದಿಯ ಮೇಲೆ ಕಣ್ಣು.

ಆ ಗಡಿಗೆ ಆಗಲೇ ಪ್ರವಾಸಿಗರೂ ಬಂದಿದ್ದರು. ಇದು ನನಗೆ ಬಹಳ ಹಿಡಿಸಿದ ವಿಷಯ. ಯುದ್ಧ ಮುಗಿದ ಅದೇ 1792ರಲ್ಲಿ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಡೇನಿಯಲ್, ಪಲ್ಲಕ್ಕಿ, ಎತ್ತು, ಆಳುಕಾಳುಗಳ ದೊಡ್ಡ ಪರಿವಾರ ಕಟ್ಟಿಕೊಂಡು ಮದ್ರಾಸಿನಿಂದ ಹೊರಟರು. ಬಾರಾಮಹಲಿನ ದುರ್ಗಗಳನ್ನು, ರಾಯಕೋಟೆಯ ಬೆಟ್ಟವನ್ನು ಕೂತು ಬರೆದರು. ಅವು ‘ಓರಿಯೆಂಟಲ್ ಸೀನರಿ’ ಎಂಬ ಅವರ ದೊಡ್ಡ ಚಿತ್ರಸಂಪುಟಗಳಲ್ಲಿ ಅಚ್ಚಾದವು. ಕಾರ್ನ್‌ವಾಲಿಸ್ ದಂಡಿನ ಜೊತೆಗೇ ಬಂದಿದ್ದ ರಾಬರ್ಟ್ ಹೋಮ್ 1794ರಲ್ಲಿ ಮೈಸೂರಿನ ನೋಟಗಳ ಪುಸ್ತಕ ತಂದ. ಲಂಡನ್ನಿನಲ್ಲಿ ಟಿಪ್ಪುವಿನ ಹೆಸರಿಗೆ ನಾಟಕ ಆಡುತ್ತಿದ್ದ ಕಾಲ ಅದು. ಅವನ ರಾಜ್ಯದ ಬಾಗಿಲು ಹೇಗಿದೆ ಎಂದು ನೋಡುವ ಆಸೆ ಅಲ್ಲಿನವರಿಗೆ ಇತ್ತು. ಚಿತ್ರಗಳಲ್ಲಿ ಬಂಡೆ, ಮರ, ಮೋಡ, ದೂರದ ಕೋಟೆ ಎಲ್ಲ ಇವೆ. ದಂಡು ಹಾದುಹೋದ ಊರುಗಳಲ್ಲಿ ಆ ವರ್ಷ ಬಿತ್ತನೆ ಆಯಿತೋ ಇಲ್ಲವೋ ಎಂಬುದು ಚಿತ್ರಕ್ಕೆ ಬರುವ ವಿಷಯವಾಗಿರಲಿಲ್ಲ.

1799ರ ಮಾರ್ಚ್ 5ರಂದು ಜನರಲ್ ಹ್ಯಾರಿಸ್ ಆ ಗಡಿಯನ್ನು ಒಡೆದು ಬಂದ. ವೆಲ್ಲೂರಿನಿಂದ ಹೊರಟು, ರಾಯಕೋಟೆಯ ಮಗ್ಗುಲಲ್ಲಿ ಹತ್ತಿ, ಅಂಚಿನ ಸಣ್ಣ ಗಿರಿದುರ್ಗಗಳನ್ನು ಹಿಡಿದು, ಕೆಲಮಂಗಲದಲ್ಲಿ ಬೀಡುಬಿಟ್ಟ. ಕಂಪನಿಯ ಪಡೆಯೇ ಇಪ್ಪತ್ತು ಸಾವಿರದ ಮೇಲೆ; ಜೊತೆಗೆ ನಿಜಾಮನ ದಂಡು, ಅದರ ಉಸ್ತುವಾರಿಗೆ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ದವಸ ಹೊತ್ತ ಲಂಬಾಣಿಗಳ ಎತ್ತಿನ ಹಿಂಡುಗಳನ್ನೂ ಸೇರಿಸಿದರೆ ಅದು ಸೈನ್ಯಕ್ಕಿಂತ ನಡೆದಾಡುವ ಒಂದು ಪಟ್ಟಣ. ಟಿಪ್ಪುವಿನ ಸವಾರರು ಮುಂದೆ ಮುಂದೆ ಹೋಗಿ ಹುಲ್ಲು ಮೇವು ಸುಟ್ಟರು. ದಂಡಿನ ಎತ್ತುಗಳು ಮೇವಿಲ್ಲದೆ ದಾರಿಯುದ್ದಕ್ಕೂ ಬಿದ್ದವು. ಈಗ ಜಿಗಣಿ, ಆನೇಕಲ್, ಬನ್ನೇರುಘಟ್ಟ ಎಂದು ನಾವು ಕರೆಯುವ ಸೀಮೆ ಆ ಬೇಸಿಗೆಯಲ್ಲಿ ಹೊಗೆಯ ಸೀಮೆಯಾಗಿತ್ತು. ಪಡೆ ಬೆಂಗಳೂರನ್ನು ದೂರದಿಂದ ನೋಡಿ, ಈಗಿನ ಕನಕಪುರದ ದಾರಿ ಹಿಡಿದು, ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾದಿ, ಶ್ರೀರಂಗಪಟ್ಟಣ ಮುಟ್ಟಿತು. ಮೇ 4ರಂದು ಎಲ್ಲ ಮುಗಿಯಿತು.

ನಮ್ಮ ಅತ್ತಿಬೆಲೆ ಗಡಿಯಾದದ್ದು ಅದರ ಮುಂದಿನ ಏಳೇ ವಾರಗಳಲ್ಲಿ. ಗೆದ್ದ ರಾಜ್ಯವನ್ನು ಹಂಚಲು ಗವರ್ನರ್ ಜನರಲ್ ವೆಲ್ಲೆಸ್ಲಿ ಒಂದು ಆಯೋಗ ನೇಮಿಸಿದ: ಹ್ಯಾರಿಸ್, ತನ್ನ ಇಬ್ಬರು ತಮ್ಮಂದಿರಾದ ಆರ್ಥರ್ ಮತ್ತು ಹೆನ್ರಿ, ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್. ಕಾರ್ಯದರ್ಶಿಗಳು ಜಾನ್ ಮಾಲ್ಕಂ ಮತ್ತು ಥಾಮಸ್ ಮನ್ರೋ. ಕೆಳಸೀಮೆಯಲ್ಲಿ ಏಳು ವರ್ಷ ಹೊಲ ಅಳೆದವನೇ ಈಗ ಮೇಲಿನ ಸೀಮೆಯ ಹಂಚಿಕೆಯ ಕಾಗದ ಬರೆಯಲು ಕೂತ. ಜೂನ್ 22ರ ವಿಭಜನೆಯ ಒಪ್ಪಂದದ ತಿರುಳು ಒಂದು ಮಾತಿನಲ್ಲಿದೆ: ಘಾಟಿಗಳ ತಲೆ ಕಂಪನಿಗೆ. ಇಳಿಯುವ ಕಣಿವೆಗಳ ಬಾಯಿಯಷ್ಟೇ ಅಲ್ಲ, ಮೇಲೆ ಸಮತಟ್ಟಿನಲ್ಲಿ ಅವನ್ನು ಕಾಯುವ ಕೋಟೆ ಠಾಣ್ಯಗಳೂ ಬೇಕು. ಇನ್ನೊಬ್ಬ ಹೈದರ್ ಹುಟ್ಟಿದರೂ ಕೆಳಗಿಳಿಯುವ ಬಾಗಿಲ ಬಳಿ ಮೊದಲು ಕಂಪನಿಯವರೇ ಇರಬೇಕು. ಹಾಗಾಗಿ ಹೊಸೂರು ಕಂಪನಿಗೆ ಹೋಯಿತು, ಆನೇಕಲ್ ಮೈಸೂರಿಗೆ ಉಳಿಯಿತು, ನಡುವೆ ಅತ್ತಿಬೆಲೆ ಅಂಚಿನ ಊರಾಯಿತು.

ಯಾರೂ ಸ್ಥಳಕ್ಕೆ ಬಂದು ಎಳೆದ ಗೆರೆ ಅದಲ್ಲ. ಒಪ್ಪಂದಕ್ಕೆ ಅಂಟಿಸಿದ ಪಟ್ಟಿಗಳಲ್ಲಿ ಇರುವುದು ತಾಲ್ಲೂಕುಗಳ ಹೆಸರು, ಅವುಗಳ ಹುಟ್ಟುವಳಿ ಇಷ್ಟು ಕಂಠೀರಾಯಿ ವರಹ ಎಂಬ ಲೆಕ್ಕ. ಲೆಕ್ಕ ಸರಿದೂಗಿಸಿ ತಾಲ್ಲೂಕುಗಳನ್ನು ಹಂಚಿದರು. ಎಲ್ಲೆ ಎಲ್ಲಿ ಹಾದುಹೋಗುತ್ತದೆ ಎಂದು ಆಮೇಲೆ ಹುಡುಕಿದರು. ಆ ಹುಡುಕಾಟಕ್ಕೆ ನೇಮಕವಾದವನು ಕಾಲಿನ್ ಮೆಕೆಂಜಿ. ಅವನ ಮೈಸೂರು ಮೋಜಣಿ ಸುಮಾರು ಒಂದು ದಶಕ ನಡೆಯಿತು. ಅದರ ಜೊತೆಗೇ ಅವನು ಸಂಗ್ರಹಿಸಿದ ಕೈಫಿಯತ್ತು, ಶಾಸನ, ಹಸ್ತಪ್ರತಿಗಳನ್ನು ನಮ್ಮ ಇತಿಹಾಸಕಾರರು ಇಂದಿಗೂ ಓದುತ್ತಿದ್ದಾರೆ. ಅಲ್ಲಿನ ಜನ ಯಾವ ಮಾತಾಡುತ್ತಾರೆ, ಯಾವ ಸಂತೆಗೆ ಹೋಗುತ್ತಾರೆ, ಹೆಣ್ಣು ತರುವುದು ಯಾವ ಊರಿಂದ ಎಂಬ ಪ್ರಶ್ನೆಯೇ ಆ ಹಂಚಿಕೆಯಲ್ಲಿ ಏಳಲಿಲ್ಲ. ಮದ್ರಾಸಿನ ರಾತ್ರಿ ನಿದ್ದೆಗಾಗಿ ಮಾಡಿದ ಏರ್ಪಾಡು ಅದು. ಆ ನಿದ್ದೆ ಕೆಡಿಸುವ ಶಕ್ತಿ ಮೈಸೂರಿಗೆ ಮುಂದೆಂದೂ ಬರಲಿಲ್ಲ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನೂ ಬ್ರಿಟಿಷರು ತೆಗೆದುಕೊಂಡ ಮೇಲೆ ಐವತ್ತು ವರ್ಷ ಗೆರೆಯ ಎರಡೂ ಕಡೆ ಅವರೇ ಇದ್ದರು. ಕಾರಣ ಸತ್ತಿತ್ತು, ಗಡಿ ಉಳಿಯಿತು.

ಉಳಿದ ಗಡಿಗೆ ಹೊಸ ಹೊಸ ಕೆಲಸಗಳು ಹುಟ್ಟಿದವು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಮದ್ರಾಸ್ ಪ್ರಾಂತ್ಯ ಪ್ಲೇಗ್ ಪಾಸ್‌ಪೋರ್ಟ್ ಪದ್ಧತಿ ಹಿಡಿಯಿತು. ಸೋಂಕಿನ ಸೀಮೆಯಿಂದ ಬಂದವರ ಹೆಸರು, ಹೋಗುವ ಊರು ಬರೆದು ಚೀಟಿ ಕೊಡುವುದು. ಅವರು ಆ ಊರಿನಲ್ಲಿ ಹತ್ತು ದಿನ ಅಧಿಕಾರಿಯ ಮುಂದೆ ಹಾಜರಿ ಹಾಕುವುದು. 1913ರಲ್ಲಿ ಧರ್ಮಪುರಿಯಿಂದ ಹೊಸೂರಿಗೆ ಕಿರಿಗಾತ್ರದ ರೈಲು ಬಂತು. ಬೆಂಗಳೂರು ಕಣ್ಣಳತೆಯಲ್ಲಿದ್ದರೂ ಹಳಿ ಗಡಿ ದಾಟಲಿಲ್ಲ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅದನ್ನೂ ಕಿತ್ತುಹಾಕಿದರು.

ಜನ ಮಾತ್ರ ಗೆರೆಗೆ ಹೆಚ್ಚು ಬೆಲೆ ಕೊಟ್ಟಂತಿಲ್ಲ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಹುಡುಗನೊಬ್ಬ ಹೊಸೂರಿನಲ್ಲಿ ಅಕ್ಷರ ಕಲಿತು, ಬೆಂಗಳೂರಿಗೆ ಬಂದು ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1894ರಲ್ಲಿ ಪದವಿ ಪಡೆದ. ಆ ಹುಡುಗನೇ ಚಕ್ರವರ್ತಿ ರಾಜಗೋಪಾಲಾಚಾರಿ. ಮದ್ರಾಸ್ ಪ್ರಾಂತ್ಯದ ಹಳ್ಳಿಯ ಹುಡುಗನಿಗೆ ಮೈಸೂರು ಸಂಸ್ಥಾನದ ಕಾಲೇಜೇ ಹತ್ತಿರದ ಕಾಲೇಜಾಗಿತ್ತು. ಹೊಸೂರಿನ ಚಂದ್ರಚೂಡೇಶ್ವರನ ತೇರಿಗೆ ಇತ್ತಲಿಂದ ಹೋಗುವವರು, ಬೆಂಗಳೂರಿನ ಮಾರುಕಟ್ಟೆಗೆ ಅತ್ತಲಿಂದ ಹೂವು ತರಕಾರಿ ತರುವವರು, ಅವರಿಗೆಲ್ಲ ಇದು ಒಂದೇ ಸೀಮೆ.

1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ರಾಜ್ಯಗಳು ಮರುಹುಟ್ಟಿದಾಗ ಈ ಗೆರೆ ಒಂದು ಕಡೆ ಸರಿಯಿತು, ಇನ್ನೊಂದು ಕಡೆ ಕದಲಲಿಲ್ಲ. 1799ರಲ್ಲಿ ಕಂಪನಿಗೆ ಹೋಗಿ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು. ಅದರ ನೆರೆಯ ತಾಳವಾಡಿ ಬರಲಿಲ್ಲ. ಹೊಸೂರೂ ಬರಲಿಲ್ಲ. ಹೊಸೂರಿನಲ್ಲಿ ತೆಲುಗು, ಕನ್ನಡ, ತಮಿಳು ಮೂರೂ ಬೆರೆತಿದ್ದವು. ಒಂದೇ ಭಾಷೆಯ ಊರು ಎನ್ನಲು ಯಾರಿಗೂ ಆಗುತ್ತಿರಲಿಲ್ಲ. ಸೇಲಂ ಜಿಲ್ಲೆಯಲ್ಲಿದ್ದ ಅದು 1965ರಲ್ಲಿ ಧರ್ಮಪುರಿಗೂ 2004ರಲ್ಲಿ ಕೃಷ್ಣಗಿರಿಗೂ ಸೇರಿತು. ತಳಿ, ಡೆಂಕಣಿಕೋಟೆ, ಕೆಲಮಂಗಲಗಳ ಕನ್ನಡ ಮನೆಗಳ ಮಕ್ಕಳು ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆಯ ಮುಂದೆ ನಿಂತಾಗ, ತಾಯ್ನುಡಿಯಲ್ಲಿ ಪರೀಕ್ಷೆ ಬರೆಯಲು ಭಾಷಾ ಅಲ್ಪಸಂಖ್ಯಾತರು ಕೋರ್ಟಿಗೆ ಹೋಗಬೇಕಾಯಿತು. ಫಿರಂಗಿ ಲೆಕ್ಕದ ಹಂಚಿಕೆಯ ಬಾಕಿಯನ್ನು ಹತ್ತನೆಯ ತರಗತಿಯ ಮಕ್ಕಳು ತೀರಿಸುವುದು ನ್ಯಾಯವಲ್ಲ. ಗಡಿಯ ಈಚೆ ಇರುವ ತಮಿಳು ಮನೆಗಳ ಮಕ್ಕಳ ಬಗ್ಗೆಯೂ ನನ್ನ ಮಾತು ಅದೇ.

ಮುಂದಿನದು ನಮ್ಮ ಕಣ್ಣೆದುರಿನ ಕಥೆ. ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಕೋಣಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. ಗಡಿಯಾಚೆ ತಮಿಳುನಾಡು ಸರ್ಕಾರ ಸಿಪ್‌ಕಾಟ್ ಮೂಲಕ ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶ ಮಾಡಿತು; ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಬಂದವು. ಬೆಂಗಳೂರಿನ ಹವೆ, ಬೆಂಗಳೂರಿನ ಕುಶಲ ಕೆಲಸಗಾರರು, ತಮಿಳುನಾಡಿನ ರಿಯಾಯಿತಿ: ಹೊಸೂರಿಗೆ ಮೂರೂ ಸಿಕ್ಕವು. ಇವತ್ತು ಬೆಳಗ್ಗೆ ಹೊಸೂರಿನ ಬಾಡಿಗೆ ಮನೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಬರುವವರೂ, ಬೊಮ್ಮನಹಳ್ಳಿಯಿಂದ ಹೊಸೂರಿನ ಶಿಫ್ಟ್‌ಗೆ ಹೋಗುವವರೂ ಅದೇ ರಸ್ತೆಯಲ್ಲಿ ಎದುರಾಗುತ್ತಾರೆ. ಲಾರಿ ಚಾಲಕರಿಗೆ ಅತ್ತಿಬೆಲೆ ಎಂದರೆ ಬಹುಕಾಲ ಕಾಗದ ತೋರಿಸಿ ಕಾಯುವ ಜಾಗ. 2017ರ ಜುಲೈ 1ರಂದು ಜಿಎಸ್‌ಟಿ ಬಂದು ರಾಜ್ಯಗಳ ನಡುವಿನ ಆ ತೆರಿಗೆ ಗಡಿ ಹೋಯಿತು.

ಆದರೆ ಕಾವೇರಿ ನೀರಿನ ಜಗಳ ಏಳುವ ವರ್ಷಗಳಲ್ಲಿ ಗಡಿ ಮತ್ತೆ ಗಡಿಯಾಗುತ್ತದೆ. 1991ರ ಡಿಸೆಂಬರಿನಲ್ಲಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದ ಮರುದಿನವೇ ಬೆಂಗಳೂರು ಹೊತ್ತಿಕೊಂಡಿತು. ಏಟು ಬಿದ್ದದ್ದು ನಗರದ ತಮಿಳು ಕೂಲಿಕಾರರ ಬಡಾವಣೆಗಳಿಗೆ. ಹದಿನೈದಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಗಡಿಯ ಕಡೆ ಹೊರಟರು.

2016ರ ಸೆಪ್ಟೆಂಬರಿನದು ಇನ್ನೂ ಹಸಿಯಾಗಿದೆ. 5ರಂದು ಸುಪ್ರೀಂ ಕೋರ್ಟು ದಿನಕ್ಕೆ 15,000 ಕ್ಯುಸೆಕ್ ನೀರು ಬಿಡಲು ಹೇಳಿತು. 12ರಂದು ಅದನ್ನು 12,000ಕ್ಕೆ ಇಳಿಸಿ ದಿನಗಳನ್ನು ಮುಂದುವರಿಸಿತು. ಅಂದೇ ಮಧ್ಯಾಹ್ನದಿಂದ ತಮಿಳುನಾಡಿನ ನೋಂದಣಿಯ ಲಾರಿ ಬಸ್ಸುಗಳಿಗೆ ಬೆಂಕಿ ಬಿತ್ತು. ಖಾಸಗಿ ಬಸ್ಸುಗಳ ಒಂದು ಡಿಪೊದಲ್ಲಿ ಹತ್ತಾರು ಬಸ್ಸುಗಳು ನಿಂತಲ್ಲೇ ಉರಿದವು. ನಗರಕ್ಕೆಲ್ಲ ನಿಷೇಧಾಜ್ಞೆ, ಹದಿನಾರು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ಅಂದು ಪೊಲೀಸ್ ಗುಂಡಿಗೆ ಯುವಕನೊಬ್ಬ ಸತ್ತದ್ದು ಗಡಿಯಲ್ಲಲ್ಲ. ಪೀಣ್ಯದ ಮಗ್ಗುಲಿನ ಹೆಗ್ಗನಹಳ್ಳಿಯಲ್ಲಿ, ಗಡಿಯಿಂದ ಇಡೀ ಬೆಂಗಳೂರಿನಷ್ಟು ದೂರದಲ್ಲಿ. ಈ ಗಡಿಯ ಗಾಯಗಳು ಗಡಿಯ ಮೇಲೆ ಆಗುವುದು ಕಡಿಮೆ. ಕೂಲಿ ಮಾಡುವ ಜನ ಒತ್ತೊತ್ತಾಗಿ ಬದುಕುವ ಕೈಗಾರಿಕಾ ಬಡಾವಣೆಗಳೇ ಅವನ್ನು ಹೊರುತ್ತವೆ.

ಅತ್ತಿಬೆಲೆಯಲ್ಲಿ ಆ ದಿನಗಳಲ್ಲಿ ಎರಡು ರಾಜ್ಯಗಳ ಪೊಲೀಸರು ಅಲ್ಲಲ್ಲೇ ತಡೆಗೋಡೆ ಇಟ್ಟು ನಿಂತಿದ್ದರು. ಇತ್ತಲಿನ ಬಸ್ಸು ಅತ್ತಿಬೆಲೆಯವರೆಗೆ, ಅತ್ತಲಿನ ಬಸ್ಸು ಜೂಜುವಾಡಿಯವರೆಗೆ. ನಡುವಿನ ದಾರಿ ಕಾಲ್ನಡಿಗೆ. ಮಗುವನ್ನು ಸೊಂಟಕ್ಕೇರಿಸಿಕೊಂಡ ತಾಯಂದಿರು, ಆಸ್ಪತ್ರೆಯ ಕಾಗದ ಹಿಡಿದ ಮುದುಕರು, ಟ್ರಾಲಿ ಬ್ಯಾಗು ಎಳೆಯುವ ಸಾಫ್ಟ್‌ವೇರ್ ಹುಡುಗರು ಎಲ್ಲ ಹೆದ್ದಾರಿಯಲ್ಲಿ ಸಾಲಾಗಿ ನಡೆದರು. ಬಂದ್ ಆದಾಗಲೆಲ್ಲ ಇದು ಮರುಕಳಿಸುತ್ತದೆ; 2023ರ ಸೆಪ್ಟೆಂಬರಿನಲ್ಲೂ ಹೀಗೇ ಆಯಿತು. ಕಾವೇರಿಯಲ್ಲಿ ನಮ್ಮ ರೈತರ ಪಾಲು ನಮಗೆ ಸಿಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆ ನ್ಯಾಯವನ್ನು ಕೂಲಿಯವನ ಗುಡಿಸಲಿನ ಮುಂದೆ, ಚಾಲಕನ ಲಾರಿಯ ಮುಂದೆ ಕೇಳಿದ್ದನ್ನು ಮಾತ್ರ ನಾನು ಒಪ್ಪಲಾರೆ.

2020ರ ಮಾರ್ಚ್ 25ರಿಂದ ಕೊರೊನಾ ಲಾಕ್‌ಡೌನ್ ಬಂದಾಗ ಗೆರೆ ಪೂರ್ತಿ ಮುಚ್ಚಿತು. ಆಮೇಲೆ ಇ-ಪಾಸ್ ಇದ್ದವರಿಗಷ್ಟೇ ದಾರಿ. ಹೆಸರು, ಹೋಗುವ ಊರು, ಎಷ್ಟು ದಿನ ಪ್ರತ್ಯೇಕವಾಗಿರಬೇಕು ಎಂಬ ನಿಯಮ. ನೂರಿಪ್ಪತ್ತು ವರ್ಷದ ಹಿಂದಿನ ಪ್ಲೇಗ್ ಚೀಟಿಯಲ್ಲಿದ್ದ ಕಲಮುಗಳೇ ಮೊಬೈಲಿಗೆ ಬಂದಿದ್ದವು. ಹೊಸೂರಿನಲ್ಲಿ ಮನೆ, ಜಿಗಣಿಯಲ್ಲಿ ಕೆಲಸ ಇದ್ದವರಿಗೆ ಒಂದೇ ದಿನದಲ್ಲಿ ತಮ್ಮ ಕಾರ್ಖಾನೆ ಬೇರೆ ನಾಡಿನದಾಯಿತು.

ಗಡಿಯ ವ್ಯಾಪಾರಕ್ಕೂ ತನ್ನದೇ ಅಪಾಯವಿದೆ. ದೀಪಾವಳಿಗೆ ಮುಂಚೆ ಅತ್ತಿಬೆಲೆಯ ರಸ್ತೆಯುದ್ದಕ್ಕೂ ಪಟಾಕಿ ಅಂಗಡಿಗಳು ಏಳುತ್ತಿದ್ದವು, ಬೆಂಗಳೂರಿನ ಜನ ಕಾರು ತುಂಬಿಸಿಕೊಂಡು ಬರುತ್ತಿದ್ದರು. 2023ರ ಅಕ್ಟೋಬರ್ 7ರಂದು ಅಲ್ಲಿನ ಒಂದು ಪಟಾಕಿ ಗೋದಾಮಿನಲ್ಲಿ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರು ಹಬ್ಬದ ತಿಂಗಳ ಕೂಲಿಗೆಂದು ತಮಿಳುನಾಡಿನ ಹಳ್ಳಿಗಳಿಂದ ಬಂದಿದ್ದ ಹುಡುಗರು, ಕಾಲೇಜು ಓದುತ್ತಿದ್ದವರೂ ಇದ್ದರು. ಬಂದ್ ಮುಗಿದು ಬಸ್ಸು ಶುರುವಾಗಿ ಎರಡು ವಾರವೂ ಕಳೆದಿರಲಿಲ್ಲ.

ಕಾವಲಿಗೆ ಸಿಗದೆ ಗೆರೆ ದಾಟುವ ಒಂದು ನೀರಿದೆ, ಅದನ್ನು ಹೇಳದೆ ಈ ಸುತ್ತು ಪೂರ್ತಿಯಾಗದು. ನಂದಿಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ, ವೈಟ್‌ಫೀಲ್ಡ್‌ಗಳ ಪೂರ್ವಕ್ಕೆ ಹರಿದು, ಬೆಳ್ಳಂದೂರು ವರ್ತೂರು ಕೆರೆಗಳ ಕೋಡಿನೀರನ್ನು ಸೇರಿಸಿಕೊಂಡು, ಗಡಿಯಾಚೆ ಹೊಸೂರಿನ ಕೆಲವರಪಳ್ಳಿ ಜಲಾಶಯಕ್ಕೆ ಬೀಳುತ್ತದೆ. ನಮ್ಮ ಅಪಾರ್ಟ್‌ಮೆಂಟು, ಕಾರ್ಖಾನೆಗಳ ಕೊಳೆ ಅಲ್ಲಿ ಬೆಳ್ಳನೆಯ ನೊರೆಯಾಗಿ ಏಳುತ್ತದೆ. ಆ ನೀರನ್ನೇ ಅಲ್ಲಿನ ರೈತರು ಹೊಲಕ್ಕೆ ಬಿಡುತ್ತಾರೆ. ಆ ಹೊಲಗಳ ತರಕಾರಿ ಗಡಿ ದಾಟಿ ಬರುವುದು ನಮ್ಮ ಸಂತೆಗೇ. ಕಾವೇರಿಯ ಕ್ಯುಸೆಕ್ ಲೆಕ್ಕ ಊರಿಗೆಲ್ಲ ಬಾಯಿಪಾಠ. ಈ ನೊರೆಯ ಲೆಕ್ಕ ಕೇಳಲು ಅತ್ತಿಬೆಲೆಗೆ ಮೆರವಣಿಗೆ ಬಂದದ್ದನ್ನು ನಾನು ಕಂಡಿಲ್ಲ.

2025ರ ಆಗಸ್ಟ್ 10ರಂದು ನಮ್ಮ ಮೆಟ್ರೊದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ತೆರೆದುಕೊಂಡಿತು. ಅದನ್ನು ಹೊಸೂರಿಗೆ ಒಯ್ಯಬೇಕೆಂದು ತಮಿಳುನಾಡು ಕಾರ್ಯಸಾಧ್ಯತಾ ವರದಿ ಮಾಡಿಸಿದೆ. ಇತ್ತ ಕನ್ನಡ ಸಂಘಟನೆಗಳ ವಿರೋಧವಿದೆ. ವಿದ್ಯುತ್ತಿನ ತೊಡಕೂ ಇದೆ, ನಮ್ಮ ರೈಲು ಓಡುವುದು ಹಳಿಯ ಪಕ್ಕದ 750 ವೋಲ್ಟಿನ ನೇರ ವಿದ್ಯುತ್ತಿನಲ್ಲಿ, ಚೆನ್ನೈಯದು ಮೇಲಿನ ತಂತಿಯ 25,000 ವೋಲ್ಟಿನ ಪರ್ಯಾಯ ವಿದ್ಯುತ್ತಿನಲ್ಲಿ. ಹಾಗಾಗಿ ಸದ್ಯಕ್ಕೆ ರೈಲು ಬೊಮ್ಮಸಂದ್ರಕ್ಕೆ ನಿಲ್ಲುತ್ತದೆ. ಹೊಸೂರಿನ ಕಡೆಯವರು ಅಲ್ಲಿ ಇಳಿದು, ಮೆಟ್ಟಿಲಿಳಿದು ಹೆದ್ದಾರಿಗೆ ಬಂದು, ಅತ್ತಿಬೆಲೆಯ ಬಸ್ಸಿಗೋ ಹೊಸೂರಿನ ಬಸ್ಸಿಗೋ ಕೈ ಅಡ್ಡ ಹಾಕುತ್ತಾರೆ.